ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಚರಿತ್ರೆಯ ವ್ಯಕ್ತಿಗಳು

ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿದವರಲ್ಲಿ ಹಲವರು ಹೊರಗೆ ಹೋಗಿ ಹೆಸರಾದರು. ಹೊರಗಿನಿಂದ ಬಂದು ಇಲ್ಲೇ ನೆಲೆ ನಿಂತವರೂ ಉಂಟು. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲ್ಲೂಕುಗಳು. ಈ ಲೇಖನ ಹಳೆಯ ಗಡಿಗಳನ್ನೇ ಹಿಡಿದಿದೆ.

ಇಂಡಿ ತಾಲ್ಲೂಕಿನ ತದ್ದೇವಾಡಿ ಒಂದು ಕಾಲಕ್ಕೆ ತರ್ದವಾಡಿ-ಸಾಸಿರ ನಾಡಿನ ಕೇಂದ್ರ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಸಾಮಂತನಾಗಿ ಈ ನಾಡನ್ನು ಆಳುತ್ತಿದ್ದ ಇಮ್ಮಡಿ ತೈಲಪ 973ರಲ್ಲಿ ತನ್ನ ಒಡೆಯರ ಮನೆತನವನ್ನೇ ಕೆಡವಿ ಕಲ್ಯಾಣ ಚಾಲುಕ್ಯ ರಾಜ್ಯವನ್ನು ಕಟ್ಟಿದ. ಅದೇ ಕೃಷ್ಣನ ಮಂತ್ರಿ ನಾರಾಯಣ ಸಾಲೋಟಗಿಯಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ವಿವರ 945ರ ಶಾಸನದಲ್ಲಿದೆ. ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಅಲ್ಲಿ 27 ವಸತಿಗಳಿದ್ದವು.

ಬಸವಣ್ಣ ಹನ್ನೆರಡನೆಯ ಶತಮಾನದವರು. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಹುಟ್ಟಿದ್ದು ಬಾಗೇವಾಡಿಯಲ್ಲೋ ತಾಯಿಯ ತವರಾದ ಇಂಗಳೇಶ್ವರದಲ್ಲೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪುರಾಣ, ಕಾವ್ಯಗಳಿಗಿಂತ ಗಟ್ಟಿಯಾದ ಆಧಾರ 1260ರ ಅರ್ಜುನವಾಡ ಶಾಸನ. ಹುಕ್ಕೇರಿ ತಾಲ್ಲೂಕಿನಲ್ಲಿ ದೊರೆತ ಈ ಕಲ್ಲು ಬಸವಣ್ಣನನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೆಸರಿಸಿ, ಊರನ್ನು ತರ್ದವಾಡಿ ನಾಡಿನೊಳಗೆ ಇಡುತ್ತದೆ. ಬಸವಣ್ಣನವರ ಬದುಕು ಕೂಡಲಸಂಗಮದಲ್ಲಿ ಹದಗೊಂಡು, ಬಿಜ್ಜಳನ ಕಲ್ಯಾಣದಲ್ಲಿ ಎತ್ತರಕ್ಕೇರಿತು. ಮಡಿವಾಳ ಮಾಚಯ್ಯ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಹೋದ ಶರಣ. ಬಸವಣ್ಣನವರ ಮಡದಿ ನೀಲಾಂಬಿಕೆ ಲಿಂಗೈಕ್ಯಳಾದದ್ದು ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಎಂಬುದು ಪರಂಪರೆಯ ನಂಬಿಕೆ. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯ ತಲೆ ಕಳೆದುಕೊಂಡ ಯುದ್ಧಕ್ಕೂ ಈ ತಂಗಡಗಿ ಮತ್ತು ರಕ್ಕಸಗಿಗಳ ಹೆಸರೇ ಅಂಟಿದೆ.

ಆಧುನಿಕ ಕಾಲದಲ್ಲಿ ಊರು ಬಿಡದೆ ಹೆಸರಾದವರೆಂದರೆ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು. ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪ ಗಲಗಲಿ (1903–1953), ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಈ ಬಳಗದ ಪ್ರಮುಖರು. ವಿಶ್ವವಿದ್ಯಾಲಯವಾಗಲಿ, ಅನುದಾನವಾಗಲಿ ಅವರ ಬೆನ್ನಿಗಿರಲಿಲ್ಲ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಬರೆದಿಟ್ಟುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಕನ್ನಡ ಜಾನಪದ ಅಧ್ಯಯನದ ಬುನಾದಿ ಇದೇ ಎಂದರೆ ಅತಿಶಯವಲ್ಲ. ಹಾಡಿದವರ ಹೆಸರುಗಳು ಮಾತ್ರ ಚರಿತ್ರೆಗೆ ದಕ್ಕಲಿಲ್ಲ. ಅರವಿಂದರ ಮಾರ್ಗಕ್ಕೆ ಒಲಿದಿದ್ದ ಮಧುರಚೆನ್ನರ ‘ನನ್ನ ನಲ್ಲ’ ಅನುಭಾವ ಕಾವ್ಯವಾಗಿ ಇಂದಿಗೂ ಓದುಗರನ್ನು ಪಡೆದಿದೆ.

ಹಲಸಂಗಿಯಿಂದ ದೂರವಲ್ಲದ ಇಂಚಗೇರಿಯಲ್ಲಿ ಭಾವೂಸಾಹೇಬ ಮಹಾರಾಜರ ಮಠವಿದೆ. ಅವರ ಶಿಷ್ಯ, ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ರಾ. ದ. ರಾನಡೆ, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ನಿಂಬಾಳದ ಆಶ್ರಮದಲ್ಲಿ ನೆಲೆಸಿ 1957ರಲ್ಲಿ ಅಲ್ಲೇ ತೀರಿಕೊಂಡರು. ಇದೇ ಪರಂಪರೆಯ ಇನ್ನೊಂದು ಕವಲು ಮುಂಬೈಯ ನಿಸರ್ಗದತ್ತ ಮಹಾರಾಜರ ಮೂಲಕ ಯುರೋಪು, ಅಮೆರಿಕಗಳ ಜಿಜ್ಞಾಸುಗಳನ್ನು ಮುಟ್ಟಿತು. ಬನವಾಸಿಯ ಹರ್ಡೇಕರ್ ಮಂಜಪ್ಪ ಕೂಡ ಹೊರಗಿನಿಂದ ಬಂದವರು. 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಗೆ ನಾಂದಿ ಹಾಡಿದ ಈ ಗಾಂಧೀವಾದಿ, ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ವಿದ್ಯಾಲಯ ತೆರೆದರು.

ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು (1903–1972) ಸಿಂದಗಿಯಲ್ಲಿ ಹುಟ್ಟಿದವರು. ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿ, ನಿಜಾಮನ ಸೆರೆಮನೆ ಕಂಡರು. ಸಂಶೋಧಕ ಎಂ. ಎಂ. ಕಲಬುರ್ಗಿ 1938ರಲ್ಲಿ ಇದೇ ತಾಲ್ಲೂಕಿನ ಯರಗಲ್ಲದಲ್ಲಿ ಹುಟ್ಟಿದರು. ಶಾಸನಗಳನ್ನೂ ವಚನಗಳನ್ನೂ ಒಟ್ಟಿಗೆ ಇಟ್ಟು ಓದುವುದು ಅವರ ವಿಧಾನ. ಅವರ ಸಂಶೋಧನ ಲೇಖನಗಳ ‘ಮಾರ್ಗ’ ಸಂಪುಟದ ಬರಹಗಳು 1989ರ ಸುಮಾರಿಗೆ ದೊಡ್ಡ ವಿವಾದ ಎಬ್ಬಿಸಿದ್ದರಿಂದ, ಅಲ್ಲಿನ ಹೇಳಿಕೆಗಳನ್ನು ಅವರು ಹಿಂಪಡೆಯಬೇಕಾಯಿತು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು; ‘ಮಾರ್ಗ-4’ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಗುಂಡಿಗೆ ಬಲಿಯಾದರು. ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಪ್ರಧಾನ ಸಂಪಾದಕರು ಅವರೇ.