ಕೀಲಿಮಣೆಯ ವಾದ್ಯಗಳಲ್ಲಿ ಧ್ವನಿಗಳ ಆಯ್ಕೆ ಮತ್ತು ಸಂಯೋಜನೆ: ಒಂದು ಐತಿಹಾಸಿಕ ವಿವೇಚನೆ

ಡಿಜಿಟಲ್ ಪಿಯಾನೋ ಎಂಬ ವಾದ್ಯವು ಈಗ ನಮ್ಮ ನಗರಗಳ ಮನೆಗಳಲ್ಲಿಯೂ ಸಂಗೀತಶಾಲೆಗಳಲ್ಲಿಯೂ ಬಳಕೆಗೆ ಬಂದಿದೆ. ಒಂದು ಗುಂಡಿಯನ್ನೊತ್ತಿದರೆ ಪಿಯಾನೋವಿನ ಧ್ವನಿ, ಮತ್ತೊಂದನ್ನೊತ್ತಿದರೆ ಪಿಟೀಲುಗಳ ಸಮೂಹದ ಧ್ವನಿ. ಎರಡನ್ನೂ ಕೂಡಿಸಿದರೆ ಒಂದೇ ಕೀಲಿಯಿಂದ ಎರಡೂ ಏಕಕಾಲದಲ್ಲಿ ಹೊರಡುತ್ತವೆ. ಈ ಸೌಕರ್ಯವು ವಿದ್ಯುನ್ಮಾನ ಯುಗದ ಕೊಡುಗೆಯೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಧ್ವನಿಗಳನ್ನು ಪದರಪದರವಾಗಿ ಕೂಡಿಸುವ ಪದ್ಧತಿಯು ಪಿಯಾನೋವಿಗಿಂತಲೂ ಪ್ರಾಚೀನವಾದುದೆಂಬುದನ್ನೂ, ಇತಿಹಾಸದಲ್ಲಿ ಕೂಟವು ಮೊದಲು ಬಂದು ಆಯ್ಕೆಯು ಅನಂತರ ಬಂದಿತೆಂಬುದನ್ನೂ ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಕ್ರಿ. ಪೂ. ೩ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಕ್ಟೆಸಿಬಿಯಸನು ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸಮನಾಗಿಟ್ಟು ಕೊಳವೆಗಳನ್ನು ನುಡಿಸುವ ಯಂತ್ರವನ್ನು ರಚಿಸಿದನು. ಆರ್ಗನ್ನಿನ ಮೂಲವು ಇದೇ. ಮಧ್ಯಯುಗದ ಯೂರೋಪಿನ ಚರ್ಚುಗಳಲ್ಲಿ ಈ ವಾದ್ಯವು ಬೃಹದಾಕಾರವನ್ನು ತಾಳಿತು. ಆ ಕಾಲದ ದೊಡ್ಡ ಆರ್ಗನ್ನುಗಳಲ್ಲಿ ಒಂದು ಕೀಲಿಯನ್ನೊತ್ತಿದರೆ ಅದಕ್ಕೆ ಸೇರಿದ ಕೊಳವೆಗಳೆಲ್ಲವೂ ಒಟ್ಟಿಗೆ ಮೊಳಗುತ್ತಿದ್ದುವು. ಈ ರಚನೆಗೆ ಜರ್ಮನ್ ಭಾಷೆಯಲ್ಲಿ ‘ಬ್ಲಾಕ್‌ವೆರ್ಕ್’ ಎಂದು ಹೆಸರು. ಅವುಗಳಲ್ಲಿ ಒಂದು ಸಾಲನ್ನಾದರೂ ಸುಮ್ಮನಿರಿಸುವ ಅಧಿಕಾರವು ವಾದಕನಿಗಿರಲಿಲ್ಲ. ೧೫ನೆಯ ಶತಮಾನದಲ್ಲಿ ಕೊಳವೆಗಳ ಸಾಲುಗಳನ್ನು ಬೇರ್ಪಡಿಸಿ, ಬೇಡವಾದುದಕ್ಕೆ ಗಾಳಿಯನ್ನು ತಡೆಯುವ ಉಪಾಯವು ಪ್ರಚಾರಕ್ಕೆ ಬಂದಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಟಾಪ್’ ಎನ್ನುತ್ತಾರೆ. ಧ್ವನಿಯ ಆಯ್ಕೆಯೆಂಬುದು ಹೀಗೆ ಮೌನವಾಗಿಸುವ ಶಕ್ತಿಯಾಗಿ ಜನಿಸಿತೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಸ್ಟಾಪುಗಳೊಂದಿಗೆ ಒಂದು ಶಾಸ್ತ್ರವೇ ಬೆಳೆಯಿತು. ಕೊಳವೆಯ ಉದ್ದದಿಂದ ಧ್ವನಿಯ ಸ್ಥಾಯಿಯನ್ನು ಸೂಚಿಸುವುದು ಅದರ ಕ್ರಮ. ೮ ಅಡಿಯ ಸಾಲು ಬರೆದ ಸ್ವರವನ್ನೇ ನುಡಿಸಿದರೆ, ೪ ಅಡಿಯದು ಒಂದು ಸ್ಥಾಯಿ ಮೇಲಕ್ಕೂ, ೧೬ ಅಡಿಯದು ಒಂದು ಸ್ಥಾಯಿ ಕೆಳಕ್ಕೂ ನುಡಿಯುತ್ತದೆ. ತಂತಿಗಳನ್ನು ಮೀಟಿ ನುಡಿಯುವ ಹಾರ್ಪ್ಸಿಕಾರ್ಡ್ ವಾದ್ಯವೂ ಇದೇ ಕ್ರಮವನ್ನನುಸರಿಸಿತು. ಸುಮಾರು ೧೭೦೦ರಲ್ಲಿ ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿಯು ನಿರ್ಮಿಸಿದ ಪಿಯಾನೋ ಮಾತ್ರ ಬೇರೆ ದಾರಿಯನ್ನು ಹಿಡಿಯಿತು. ಅದರ ವೈಭವವು ಧ್ವನಿಗಳ ವೈವಿಧ್ಯದಲ್ಲಿರದೆ, ಬೆರಳಿನ ಒತ್ತಿಗನುಸಾರವಾಗಿ ನಾದವು ಮೃದುವೋ ಗಂಭೀರವೋ ಆಗುವುದರಲ್ಲಿತ್ತು. ಆದುದರಿಂದ ಡಿಜಿಟಲ್ ಪಿಯಾನೋ ಹೆಸರಿನಿಂದ ಪಿಯಾನೋವಿನ ವಂಶದ್ದಾದರೂ, ಧ್ವನಿಸಂಯೋಜನೆಯ ವಿಷಯದಲ್ಲಿ ಆರ್ಗನ್ನಿನ ಉತ್ತರಾಧಿಕಾರಿಯೆಂದು ಹೇಳಬೇಕಾಗುತ್ತದೆ.

ನಮ್ಮ ನಾಡಿಗೂ ಈ ಪದ್ಧತಿ ಅಪರಿಚಿತವಲ್ಲ. ೧೯ನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹೊರಟ ಹಾರ್ಮೋನಿಯಂ, ಕಲ್ಕತ್ತದಲ್ಲಿ ಕೈತಿದಿಯ ರೂಪವನ್ನು ಪಡೆದು, ಕರ್ನಾಟಕದ ನಾಟಕ ಕಂಪನಿಗಳಲ್ಲಿಯೂ ಭಜನಮಂದಿರಗಳಲ್ಲಿಯೂ ನೆಲೆಸಿತು. ಎರಡು ಸಾಲು ರೀಡುಗಳುಳ್ಳ ಪೆಟ್ಟಿಗೆಯ ಮುಂದಿನ ಹಿಡಿಗಳನ್ನೆಳೆದು ಮಂದ್ರದ ಸಾಲನ್ನು ಸೇರಿಸುವ ಇಲ್ಲವೆ ಬಿಡುವ ವಾದಕನು, ಅರಿಯದೆಯೇ ಆ ಹಳೆಯ ಶಾಸ್ತ್ರವನ್ನು ಆಚರಿಸುತ್ತಾನೆ.

೨೦ನೆಯ ಶತಮಾನದಲ್ಲಿ ಕೊಳವೆಯ ಸ್ಥಾನವನ್ನು ವಿದ್ಯುತ್ತು ಆಕ್ರಮಿಸಿತು. ೧೯೩೫ರಲ್ಲಿ ಮಾರಾಟಕ್ಕೆ ಬಂದ ಹ್ಯಾಮಂಡ್ ಆರ್ಗನ್ನಿನಲ್ಲಿ ೯ ಎಳೆಪಟ್ಟಿಗಳ ಗುಂಪಿನಿಂದ ಒಂದೊಂದು ಪದರದ ಪ್ರಮಾಣವನ್ನೂ ೦ಯಿಂದ ೮ರವರೆಗೆ ನಿಯಮಿಸಬಹುದಾಗಿತ್ತು. ೧೯೮೩ರಲ್ಲಿ ‘ಮಿಡಿ’ ಎಂಬ ಒಪ್ಪಂದವು ಜಾರಿಗೆ ಬಂದುದರಿಂದ, ಬೇರೆ ಬೇರೆ ತಯಾರಕರ ವಾದ್ಯಗಳನ್ನು ಒಂದೇ ಕೀಲಿಮಣೆಯಿಂದ ನುಡಿಸುವುದು ಸುಲಭವಾಯಿತು. ಇಂದಿನ ಡಿಜಿಟಲ್ ಪಿಯಾನೋಗಳಲ್ಲಿ ಸಾಮಾನ್ಯವಾಗಿ ನಿಜವಾದ ವಾದ್ಯಗಳ ನಾದವನ್ನು ಮುದ್ರಿಸಿ ಅಂಕಿಗಳ ರೂಪದಲ್ಲಿ ಸಂಗ್ರಹಿಸಿರುತ್ತಾರೆ. ಆದರೂ ಹಳೆಯ ಮಿತಿಗಳು ಹೊಸ ವೇಷದಲ್ಲಿ ಉಳಿದಿವೆ. ಸ್ಟಾಪುಗಳು ಹೆಚ್ಚಿದಷ್ಟೂ ತಿದಿಯ ಗಾಳಿಯು ಹೆಚ್ಚು ಬೇಕಾಗುತ್ತಿದ್ದಂತೆ, ೬೪ ಧ್ವನಿಗಳನ್ನು ಒಮ್ಮೆಗೇ ನುಡಿಸಬಲ್ಲ ಯಂತ್ರದಲ್ಲಿ ಕೀಲಿಯೊಂದಕ್ಕೆ ಎರಡು ಧ್ವನಿಗಳನ್ನು ಕೂಡಿಸಿದರೆ ೩೨ ಸ್ವರಗಳಿಗೆ ಮಾತ್ರ ಎಡೆಯುಳಿಯುತ್ತದೆ. ಇದಲ್ಲದೆ ಪಿಯಾನೋವಿನ ಸ್ವರವು ಹುಟ್ಟಿದ ಕ್ಷಣದಿಂದಲೇ ಕುಗ್ಗುತ್ತಾ ಹೋಗುವುದು. ಪಿಟೀಲುಗಳ ಧ್ವನಿಯಾದರೋ ಕೀಲಿಯನ್ನು ಒತ್ತಿರುವವರೆಗೂ ನಿಲ್ಲುವುದು. ಎರಡನ್ನೂ ಸಮಪ್ರಮಾಣದಲ್ಲಿಟ್ಟರೆ ಎರಡನೆಯದು ಮೊದಲನೆಯದನ್ನು ನುಂಗಿಬಿಡುತ್ತದೆ. ಬಲ್ಲವರು ಅದನ್ನು ಬಹಳ ತಗ್ಗಿಸಿ, ಹಿನ್ನೆಲೆಯಾಗಿ ಮಾತ್ರ ಇಡುತ್ತಾರೆ.

ಆಯ್ಕೆಯ ಪಟ್ಟಿಯನ್ನು ಸಿದ್ಧಪಡಿಸಿದವರಾರು ಎಂಬ ಪ್ರಶ್ನೆಯೂ ಇತಿಹಾಸಕಾರನಿಗೆ ಸಂಬಂಧಿಸಿದುದೇ. ತಯಾರಕರೆಲ್ಲರಿಗೂ ಸಾಮಾನ್ಯವಾಗಿರಲೆಂದು ೧೯೯೧ರಲ್ಲಿ ಪ್ರಕಟವಾದ ‘ಜನರಲ್ ಮಿಡಿ’ ಪಟ್ಟಿಯಲ್ಲಿ ೧೨೮ ಧ್ವನಿಗಳಿವೆ. ಅದರಲ್ಲಿ ೧೦೫ನೆಯದು ಸಿತಾರ್, ೧೧೨ನೆಯದು ಶಹನಾಯಿ. ವೀಣೆಗಾಗಲಿ ನಾಗಸ್ವರಕ್ಕಾಗಲಿ ಅಲ್ಲಿ ಸ್ಥಾನವಿಲ್ಲ. ಸ್ಥಾನವಿದ್ದರೂ, ಕೀಲಿಯನ್ನು ಒತ್ತಿದ ಮಾತ್ರಕ್ಕೆ ಗಮಕವು ಹುಟ್ಟುವುದಿಲ್ಲ. ಗಮಕಕ್ಕೆ ಒಗ್ಗದೆಂಬ ಆಕ್ಷೇಪಣೆಯಿಂದಲೇ ಹಾರ್ಮೋನಿಯಂ ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿಯಿಂದ ಬಹಿಷ್ಕೃತವಾಗಿದ್ದುದನ್ನು ಇಲ್ಲಿ ಸ್ಮರಿಸಬಹುದು. ವಾದ್ಯದ ಹೆಸರು ಪಟ್ಟಿಯಲ್ಲಿರುವುದು ಬೇರೆ, ಅದರ ವಾಣಿ ಕೀಲಿಯಲ್ಲಿರುವುದು ಬೇರೆ.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ ಒಂದು ಸಂಗತಿಯು ವ್ಯಕ್ತವಾಗುತ್ತದೆ. ಕಾರ್ಖಾನೆಯಲ್ಲಿ ಸಿದ್ಧವಾದ ಬೆರಕೆಯ ಧ್ವನಿಯನ್ನು ವಿಚಾರಿಸದೆ ನುಡಿಸುವವನು, ಯಂತ್ರವೆಷ್ಟೇ ನೂತನವಾಗಿದ್ದರೂ, ಬ್ಲಾಕ್‌ವೆರ್ಕಿನ ಮುಂದೆ ಕುಳಿತ ಮಧ್ಯಯುಗದ ವಾದಕನ ಸ್ಥಿತಿಗೇ ಮರಳುತ್ತಾನೆ. ವ್ಯತ್ಯಾಸವಿಷ್ಟೆ: ಅವನಿಗೆ ತಡೆಯುವ ಸಾಧನವೇ ಇರಲಿಲ್ಲ, ಇವನಿಗೆ ಇದೆ. ಶತಮಾನಗಳ ಶ್ರಮದಿಂದ ದೊರೆತ ಆ ಸಾಧನವನ್ನು ಬಳಸಿ, ಯಾವ ಧ್ವನಿಯು ಬೇಡವೆಂಬುದನ್ನು ಮೊದಲು ನಿರ್ಣಯಿಸುವುದೇ ಸಂಯೋಜನೆಯ ಆರಂಭವೆಂದು ನಾವು ಭಾವಿಸುತ್ತೇವೆ.