ಅಲ್ಯುಮಿನಿಯಂ ಎಕ್ಸ್‌ಟ್ರೂಷನ್

ಕಾಯಿಸಿ ಮೆದುವಾಗಿಸಿದ ಅಲ್ಯುಮಿನಿಯಂ ದಿಮ್ಮಿಯನ್ನು ಉಕ್ಕಿನ ಅಚ್ಚಿನ ಕಂಡಿಯ ಮೂಲಕ ಭಾರಿ ಒತ್ತಡದಿಂದ ಹೊರದೂಡಿ, ಉದ್ದಕ್ಕೂ ಒಂದೇ ಅಡ್ಡಕೊಯ್ತವಿರುವ ಪಟ್ಟಿ, ಸರಳು, ಕೊಳವೆಗಳನ್ನು ತಯಾರಿಸುವ ವಿಧಾನ. ಕಿಟಕಿ ಕೂರಿಸುವವರು ‘ಸೆಕ್ಷನ್’ ಎನ್ನುವುದು ಹೀಗೆ ತಯಾರಾದ ಪಟ್ಟಿಗಳನ್ನೇ.

ಲೋಹವನ್ನು ಒತ್ತಿ ಕೊಳವೆ ಮಾಡುವ ಯಂತ್ರಕ್ಕೆ 1797ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅವನು ಬಳಸಿದ ಲೋಹ ಸೀಸ. 1894ರಲ್ಲಿ ಅಲೆಕ್ಸಾಂಡರ್ ಡಿಕ್ ಹಿತ್ತಾಳೆಯಂಥ ಗಟ್ಟಿ ಲೋಹಗಳಿಗೂ ಇದನ್ನು ವಿಸ್ತರಿಸಿದ. ಅಷ್ಟರಲ್ಲಿ ಲೋಹವನ್ನು ಬೇರ್ಪಡಿಸುವ 1886ರ ಹಾಲ್–ಎರೂ ವಿಧಾನದಿಂದ ಅಲ್ಯುಮಿನಿಯಂ ಅಗ್ಗವಾಗತೊಡಗಿತ್ತು. 20ನೆಯ ಶತಮಾನದಲ್ಲಿ ಎಕ್ಸ್‌ಟ್ರೂಷನ್ ತಂತ್ರ ಅಲ್ಯುಮಿನಿಯಂನದೇ ಎನ್ನುವಷ್ಟು ಅದಕ್ಕೆ ಒಗ್ಗಿಹೋಯಿತು.

ಕಟ್ಟಡದ ಸೆಕ್ಷನ್‌ಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಸ್ವಲ್ಪ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆತ 6063 ಮಿಶ್ರಲೋಹ. ಇದರ ದಿಮ್ಮಿಯನ್ನು, ಅಂದರೆ ಬಿಲ್ಲೆಟ್ಟನ್ನು, 450ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಇಲ್ಲಿ ಲೋಹ ಕೊನೆಯವರೆಗೂ ಘನವಾಗಿಯೇ ಇದ್ದು ಹರಿಯುತ್ತದೆ. ಡೈ ಎಂದು ಕರೆಯುವ ಅಚ್ಚನ್ನೂ ಮೊದಲೇ ಬಿಸಿಮಾಡಿರಬೇಕು. ಹೈಡ್ರಾಲಿಕ್ ಪ್ರೆಸ್ಸಿನ ದೂಡುಗೋಲು ನೂರಾರು, ಕೆಲವೆಡೆ ಸಾವಿರಾರು ಟನ್ ಬಲದಿಂದ ಬಿಲ್ಲೆಟ್ಟನ್ನು ಡೈಗೆ ಅದುಮುತ್ತದೆ.

ಈ ಉದ್ಯಮದ ನಿಜವಾದ ಜಾಣ್ಮೆ ಇರುವುದು ಪ್ರೆಸ್ಸಿನಲ್ಲಲ್ಲ, ಡೈಯಲ್ಲಿ. ಕಂಡಿಯ ಅಗಲವಾದ ಭಾಗದಲ್ಲಿ ಲೋಹ ಬೇಗ ಹರಿಯುತ್ತದೆ, ಕಿರಿದಾದಲ್ಲಿ ತಡವಾಗುತ್ತದೆ. ಹಾಗೇ ಬಿಟ್ಟರೆ ಪಟ್ಟಿ ತಿರುಚಿಕೊಂಡು ಹೊರಬರುತ್ತದೆ. ಆದ್ದರಿಂದ ಅಗಲವಾದಲ್ಲಿ ಕಂಡಿಯ ಗೋಡೆಯನ್ನು ಆಳವಾಗಿಸಿ, ಘರ್ಷಣೆ ಹೆಚ್ಚಿಸಿ ವೇಗವನ್ನು ಸರಿದೂಗಿಸುತ್ತಾರೆ. ಹಿಟ್ಟನ್ನು ಹೀಗೆಯೇ ಕಂಡಿಯಿಂದ ಒತ್ತುವ ಚಕ್ಕುಲಿ ಒರಳಿನ ಬಿಲ್ಲೆ ಪೊಳ್ಳು ಕೊಳವೆಯನ್ನು ಕೊಡಲಾರದು. ನಡುವಿನ ತುಂಡನ್ನು ಹಿಡಿದು ನಿಲ್ಲಿಸುವುದು ಯಾವುದು? ಪೊಳ್ಳು ಸೆಕ್ಷನ್ನಿನ ಡೈಯಲ್ಲಿ ಆ ತುಂಡನ್ನು ಸೇತುವೆಯಂಥ ಕಾಲುಗಳು ಹಿಡಿದಿರುತ್ತವೆ. ಲೋಹ ಅವುಗಳ ಸುತ್ತ ಸೀಳಿ ಹರಿದು, ಮುಂದಿನ ಕೋಣೆಯಲ್ಲಿ ಶಾಖ–ಒತ್ತಡಗಳಿಂದಲೇ ಮತ್ತೆ ಬೆಸೆದುಕೊಳ್ಳುತ್ತದೆ. ಬಿಲ್ಲೆಟ್ಟಿನ ಮೈಮೇಲಿನ ಆಕ್ಸೈಡ್ ಮತ್ತು ಕೊಳೆ ಕೊನೆಗುಳಿಯುವ ತುಂಡಿನಲ್ಲಿ ಸೇರುವುದರಿಂದ ಅದನ್ನು ಕತ್ತರಿಸಿ ತೆಗೆಯುತ್ತಾರೆ.

ಹೊರಬಂದ ಪಟ್ಟಿಯನ್ನು ಗಾಳಿ ಅಥವಾ ನೀರಿನಿಂದ ತಟ್ಟನೆ ತಣಿಸಿ, ತುಸು ಎಳೆದು ನೇರಮಾಡಿ, ಕತ್ತರಿಸುತ್ತಾರೆ. ಇಷ್ಟಕ್ಕೇ ಅದು ಗಟ್ಟಿಯಾಗದು. ಸುಮಾರು 180 ಡಿಗ್ರಿಯ ಒಲೆಯಲ್ಲಿ ಕೆಲವು ಗಂಟೆ ಇಟ್ಟಾಗ ಮೆಗ್ನೀಸಿಯಂ ಮತ್ತು ಸಿಲಿಕಾನ್‌ಗಳ ಸೂಕ್ಷ್ಮ ಕಣಗಳು ಒಳಗೇ ಬೇರ್ಪಟ್ಟು ಲೋಹಕ್ಕೆ ಬಲ ಕೊಡುತ್ತವೆ. ಆಮೇಲೆ ಮೇಲ್ಮೈಗೆ ಅನೊಡೈಸಿಂಗ್ ಅಥವಾ ಪೌಡರ್ ಕೋಟಿಂಗ್ ಲೇಪ.

ಕಿಟಕಿ, ಬಾಗಿಲು, ಗಾಜಿನ ಹೊರಗೋಡೆಗಳ ಚೌಕಟ್ಟು, ಏಣಿ, ಸೌರಫಲಕದ ಅಂಚು, ಬಸ್ಸು ಮತ್ತು ರೈಲುಗಳ ಮೈಕಟ್ಟು ಇವೆಲ್ಲ ಇದರ ಬಳಕೆಗಳು. ಎಲೆಕ್ಟ್ರಾನಿಕ್ ಉಪಕರಣಗಳ ಬಿಸಿ ಹೀರುವ ರೆಕ್ಕೆಪಟ್ಟಿಗಳನ್ನೂ ಹೀಗೆಯೇ ತಯಾರಿಸುತ್ತಾರೆ. 1996ರ ಲೋಟಸ್ ಎಲೀಸ್ ಕಾರಿನ ಚಾಸಿಯನ್ನು ಇಂಥ ಸೆಕ್ಷನ್‌ಗಳನ್ನು ಅಂಟಿನಿಂದ ಜೋಡಿಸಿ ಕಟ್ಟಲಾಗಿತ್ತು. ಉದ್ದಕ್ಕೂ ಆಕಾರ ಬದಲಾಗುವ ವಸ್ತುಗಳಿಗೆ ಮಾತ್ರ ಈ ವಿಧಾನ ಒದಗದು. ಕರ್ನಾಟಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಜಿಂದಾಲ್ ಅಲ್ಯುಮಿನಿಯಂ ಈ ಉದ್ಯಮದ ಹಳೆಯ ಸಂಸ್ಥೆ.

ಕತ್ತರಿಸಿ ಉಳಿದ ತುಂಡುಗಳು, ಕಳಚಿದ ಹಳೆಯ ಸೆಕ್ಷನ್‌ಗಳು ಕರಗಿ ಮತ್ತೆ ಬಿಲ್ಲೆಟ್ ಆಗುತ್ತವೆ. ಹೀಗೆ ಕರಗಿಸಲು ತಗಲುವ ಶಕ್ತಿ, ಅದಿರಿನಿಂದ ಹೊಸ ಲೋಹ ತೆಗೆಯಲು ಬೇಕಾದುದರ ಸುಮಾರು ಶೇ. 5 ಮಾತ್ರ.