ಕಾಫಿ ಸೀಮೆಯ ಸ್ಕೂಟರು

ಚಿಕ್ಕಮಗಳೂರು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಬಾಬಾಬುಡನ್ನರು ಸೆರಗಿನಲ್ಲಿ ಕಟ್ಟಿ ತಂದರೆನ್ನುವ ಏಳು ಕಾಫಿ ಬೀಜಗಳಿಂದ ಆರಂಭಿಸುವುದು ವಾಡಿಕೆ. ಅಲ್ಲಿಂದ ದೊರೆಗಳ ತೋಟ, ಬೆಟ್ಟದ ನೆತ್ತಿಯ ಬಂಗಲೆ, ಘಟ್ಟದ ರಸ್ತೆ, ಕಾಫಿ ಬೋರ್ಡು ಎಂದು ಕಥೆ ಸಾಗುತ್ತದೆ. ಇವೆಲ್ಲ ಬೇಕಾದುವೇ. ಆದರೆ ಆ ರಸ್ತೆಗಳ ಮೇಲೆ ನಾಲ್ಕು ದಶಕಗಳ ಕಾಲ ಕೆಮ್ಮುತ್ತ, ಹೊಗೆಯುಗುಳುತ್ತ, ಏರಿನಲ್ಲಿ ನಿಂತು ಇಳಿಜಾರಿನಲ್ಲಿ ಹುರುಪುಗೊಂಡು ಓಡಾಡಿದ ಒಂದು ಪುಟ್ಟ ಯಂತ್ರಕ್ಕೆ ಈ ಚರಿತ್ರೆಯಲ್ಲಿ ಜಾಗ ದೊರೆಯುವುದು ಅಪರೂಪ. ಸ್ಕೂಟರಿನ ಮಾತು ಹೇಳುತ್ತಿದ್ದೇನೆ. ಅದನ್ನು ಕೊಂಡವರ ಕಥೆಗಿಂತ, ಮನೆಯ ಅಂಗಳದಲ್ಲಿ ಬಿಚ್ಚಿ ಹರವಿ ಮತ್ತೆ ಜೋಡಿಸಿದವರ ಕಥೆಯೇ ನನಗೆ ಹೆಚ್ಚು ಮುಖ್ಯವೆಂದು ತೋರಿದೆ.

ಸ್ಕೂಟರು ಹುಟ್ಟಿದ್ದು ಯುದ್ಧದಲ್ಲಿ ನೊಂದ ಇಟಲಿಯಲ್ಲಿ. ವಿಮಾನ ಕಟ್ಟುತ್ತಿದ್ದ ಪಿಯಾಜಿಯೊ ಕಂಪನಿಗೆ ಯುದ್ಧಾನಂತರ ಬೇರೆ ಕಸುಬು ಬೇಕಾಯಿತು. ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನ ಶಿಲ್ಪಿ 1946ರಲ್ಲಿ ವೆಸ್ಪಾವನ್ನು ರೂಪಿಸಿದ. ಇಟಲಿಯ ಭಾಷೆಯಲ್ಲಿ ವೆಸ್ಪಾ ಎಂದರೆ ಕಡಜ. ಸದ್ದನ್ನು ಕೇಳಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಮರುವರ್ಷ ಮಿಲಾನಿನ ಇನೊಚೆಂಟಿ ಕಂಪನಿಯಿಂದ ಲ್ಯಾಂಬ್ರೆಟಾ ಬಂದಿತು. ದಾಸ್ಕಾನಿಯೊನಿಗೆ ಮೋಟಾರ್ ಸೈಕಲ್ಲು ಸೇರದು. ಕೂತವನ ಬಟ್ಟೆಗೆ ಎಣ್ಣೆ ತಾಗಬಾರದು, ಕಾಲೆತ್ತಿ ಹಾರಿ ಕೂರಬೇಕಾಗಬಾರದು, ಚಕ್ರ ತೂತಾದರೆ ಸುಲಭವಾಗಿ ಬಿಚ್ಚಿ ಬದಲಾಯಿಸುವಂತಿರಬೇಕು ಎಂಬುದು ಅವನ ಹಂಚಿಕೆ. ಅದಕ್ಕಾಗಿ ವಿಮಾನದ ಗಾಲಿಯಂತೆ ಮುಂದಿನ ಚಕ್ರವನ್ನು ಒಂದೇ ಕಡೆಯ ತೋಳಿಗೆ ಸಿಕ್ಕಿಸಿದ. ಎಂಜಿನ್ನನ್ನು ಬಲಮಗ್ಗುಲಲ್ಲಿ ತಗಡಿನ ಮುಸುಕಿನೊಳಗೆ ಅಡಗಿಸಿದ. ಪಂಚೆಯುಟ್ಟವರೂ ಮರ್ಯಾದೆಯಿಂದ ಕೂತು ಸವಾರಿ ಮಾಡಬಹುದಾದ ವಾಹನ ನಮ್ಮ ದೇಶಕ್ಕೆ ದೊರೆತದ್ದು ಹೀಗೆ. ಕಾಫಿ ಸೀಮೆಯ ಸಣ್ಣ ಬೆಳೆಗಾರರನ್ನೂ ಶಾಲೆಯ ಮೇಷ್ಟರುಗಳನ್ನೂ ಅವನು ಕನಸಿನಲ್ಲಿಯೂ ಕಂಡಿರಲಾರ. ಆದರೂ ಅವರಿಗೆಂದೇ ಮಾಡಿದಂತಿತ್ತು.

ದೊರೆತದ್ದು ಎಂದೆನಷ್ಟೆ, ಅದು ಅಷ್ಟು ಸುಲಭವಾಗಿರಲಿಲ್ಲ. 1950ರ ದಶಕದಲ್ಲಿ ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟಾವನ್ನು ಇಲ್ಲಿ ಜೋಡಿಸತೊಡಗಿತು. 1960ರ ಸುಮಾರಿಗೆ ಬಜಾಜ್ ಕಂಪನಿ ಪಿಯಾಜಿಯೊದ ಪರವಾನಗಿ ಪಡೆದು ಪುಣೆಯ ಬಳಿ ವೆಸ್ಪಾ ತಯಾರಿಸಲು ಮೊದಲುಮಾಡಿತು. ಅದೇ 1960ರಲ್ಲಿ ಸರ್ಕಾರ ಸ್ಕೂಟರುಗಳ ಹಂಚಿಕೆ ಮತ್ತು ಮಾರಾಟವನ್ನೇ ನಿಯಂತ್ರಿಸುವ ಆಜ್ಞೆ ಹೊರಡಿಸಿತು. 1971ರಲ್ಲಿ ಪಿಯಾಜಿಯೊದ ಒಪ್ಪಂದ ಮುಗಿದ ಮೇಲೆ ಅದೇ ಮಾದರಿ, ರಾಣಾ ಪ್ರತಾಪನ ಕುದುರೆಯ ಹೆಸರನ್ನು ಹೊತ್ತು ಚೇತಕ್ ಆಯಿತು. 1972ರಲ್ಲಿ ಸ್ಥಾಪಿತವಾದ ಸರ್ಕಾರಿ ಸಂಸ್ಥೆ ಸ್ಕೂಟರ್ಸ್ ಇಂಡಿಯಾ, ಇನೊಚೆಂಟಿಯ ಯಂತ್ರಗಳನ್ನೇ ಕೊಂಡು ತಂದು ಲಖನೌದಲ್ಲಿ ವಿಜಯ್ ಸೂಪರ್ ಮಾಡಿತು. ಇಷ್ಟಾದರೂ ಕೇಳುವವರು ಹೆಚ್ಚು, ಗಾಡಿಗಳು ಕಡಿಮೆ. ಹೆಸರು ಬರೆಯಿಸಿ ಎಂಟು ಹತ್ತು ವರ್ಷ ಕಾಯುವುದು ಸಾಮಾನ್ಯವಾಗಿತ್ತು. ಮಗ ಹುಟ್ಟಿದಾಗ ಬರೆಯಿಸಿದ ಸ್ಕೂಟರು ಅವನ ಉಪನಯನಕ್ಕೆ ಬಂದರೆ ಪುಣ್ಯ ಎಂಬ ಹಾಸ್ಯ ಪೂರ್ತಿ ಹಾಸ್ಯವಾಗಿರಲಿಲ್ಲ.

ಹೀಗೆ ತಪಸ್ಸಿನಿಂದ ಬಂದ ಗಾಡಿ ಕೆಟ್ಟರೆ ಇನ್ನೊಂದು ಕೊಳ್ಳುವ ಮಾತಿಲ್ಲ, ಇದ್ದುದನ್ನೇ ಬದುಕಿಸಿಕೊಳ್ಳಬೇಕು. ಪಟ್ಟಣದವರಿಗೆ ಬೀದಿಯ ಕೊನೆಯಲ್ಲಿ ಮೆಕ್ಯಾನಿಕ್ಕು ಸಿಗುತ್ತಿದ್ದ. ನಮ್ಮ ಕಡೆಯ ಸ್ಥಿತಿಯೇ ಬೇರೆ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಮೂಡಿಗೆರೆಗೆ ಇಂದಿಗೂ ಇಲ್ಲ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿಲೋಮೀಟರು. ಆಗ ಮೂಡಿಗೆರೆ ತಾಲೂಕಿಗೇ ಸೇರಿದ್ದ ಕಳಸದಿಂದ ತಾಲೂಕು ಕಚೇರಿಗೆ ಬಂದು ಹೋಗುವುದು ಒಂದು ದಿನದ ಪ್ರಯಾಣ. ಬಸ್ಸು ರಸ್ತೆಯಿಂದ ಒಳಗೆ ಮೂರು ನಾಲ್ಕು ಮೈಲಿ ತೋಟದ ಹಾದಿ. ಅಲ್ಲಿ ಸ್ಕೂಟರು ನಿಂತರೆ ಅದನ್ನು ತಳ್ಳಿಕೊಂಡು ಬರಬೇಕು, ಇಲ್ಲವೇ ತಾನೇ ಬಿಚ್ಚಬೇಕು. ಬಿಚ್ಚುವುದೇ ಮೇಲೆಂದು ಅನೇಕರು ತೀರ್ಮಾನಿಸಿದರು. ಮಲೆನಾಡಿನ ಮನೆಮನೆಯಲ್ಲಿ ಅರೆ ಮೆಕ್ಯಾನಿಕ್ಕುಗಳು ಹುಟ್ಟಿಕೊಂಡದ್ದು ಹವ್ಯಾಸದಿಂದಲ್ಲ, ಗತಿಯಿಲ್ಲದೆ.

ಯಂತ್ರವೂ ಇದಕ್ಕೆ ಒದಗುವಂತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ನಾಲ್ಕು ಸ್ಟ್ರೋಕಿನದರಲ್ಲಿರುವ ವಾಲ್ವುಗಳಿಲ್ಲ, ಅವನ್ನು ಎತ್ತಿ ಇಳಿಸುವ ಕ್ಯಾಮಿಲ್ಲ. ಪಿಸ್ಟನ್ನು ಏರಿ ಇಳಿಯುವಾಗ ಸಿಲಿಂಡರಿನ ಗೋಡೆಯ ಕಿಂಡಿಗಳು ತೆರೆದು ಮುಚ್ಚಿದರೆ ಕೆಲಸ ಮುಗಿಯಿತು. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಚೇತಕ್ಕಿನಂಥ ಗಾಡಿಗೆ ಲೀಟರಿಗೆ 20 ಮಿಲಿಲೀಟರು. ಎಣ್ಣೆ ಉರಿದರೆ ಮಸಿ ಕಟ್ಟುತ್ತದೆ. ಪ್ಲಗ್ಗಿಗೆ ಮಸಿ ಹಿಡಿದರೆ ಕಿಡಿ ಹಾರದು. ಸೈಲೆನ್ಸರಿನಲ್ಲಿ ಹಿಡಿದರೆ ಹೊಗೆ ಹೊರಗೆ ಹೋಗಲಾರದೆ ಗಾಡಿ ಏರು ಹತ್ತದು. ಹತ್ತು ರೋಗಗಳಲ್ಲಿ ಏಳರ ಮೂಲ ಈ ಮಸಿಯೇ. ಅದಕ್ಕೆ ಬೇಕಾದದ್ದು ಒಂದು ಪಾನಾ, ಒಂದು ಇಕ್ಕುಳ, ಒಂದು ಚೂರು ಉಪ್ಪುಕಾಗದ ಮತ್ತು ತಾಳ್ಮೆ.

ನಮ್ಮ ಮನೆಯಲ್ಲಿ ನಾನು ಕಂಡ ಕ್ರಮವನ್ನು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಿತ್ತು. 1980ರ ದಶಕದಲ್ಲಿ ನಮ್ಮ ತಂದೆಯವರ ಸ್ಕೂಟರಿಗೆ ಮಳೆಗಾಲಕ್ಕೆ ಮುಂಚೆ ಒಂದು, ಕಾಫಿ ಕೊಯ್ಲಿಗೆ ಮುಂಚೆ ಒಂದು ಸೇವೆ. ಗೋಣಿತಾಟು ಹಾಸಿ, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು ನನ್ನ ಕೆಲಸ. ಹೆಡ್ಡು ಇಳಿಸಿ ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಮೊಂಡು ಚಾಕುವಿನಿಂದ ಕೆರೆಯುವುದು ಅವರದು. ಸೈಲೆನ್ಸರನ್ನು ಬಚ್ಚಲೊಲೆಯ ಕೆಂಡಕ್ಕೆ ಹಾಕಿ ಒಳಗಿನ ಮಸಿಯನ್ನು ಸುಟ್ಟು, ಆರಿದ ಮೇಲೆ ಕುಟ್ಟಿ ಕೊಡವುತ್ತಿದ್ದರು. ಕಾರ್ಬ್ಯುರೇಟರಿನ ಜೆಟ್ಟಿನ ಕಣ್ಣಿಗೆ ತಂತಿ ಚುಚ್ಚಿದರೆ ಕಣ್ಣು ಹಿಗ್ಗಿ ಗಾಡಿ ಪೆಟ್ರೋಲು ಕುಡಿಯಹತ್ತುತ್ತದೆಂದು ಬಾಯಿಂದ ಊದಿಯೇ ಶುದ್ಧಿ ಮಾಡಬೇಕು. ಫ್ಲೈವೀಲಿನ ಕಿಂಡಿಯೊಳಗೆ ಪಾಯಿಂಟುಗಳ ನಡುವಣ ಸಂದನ್ನು ಅಳೆಯಲು ಹಳೆಯ ಪೋಸ್ಟ್ ಕಾರ್ಡಿನ ಚೂರು. ಕೇಬಲ್ಲಿನ ಬಾಯಿಗೆ ಕಾಗದದ ಆಲಿಕೆ ಕಟ್ಟಿ ಎಣ್ಣೆ ಇಳಿಸಿದರೆ ಮಾರನೆಯ ಬೆಳಿಗ್ಗೆಗೆ ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. “ಈ ಮನೆಯಲ್ಲಿ ಸ್ಕೂಟರಿಗೆ ಆಗುವ ಉಪಚಾರ ಬಾಣಂತಿಗೂ ಆಗಲಿಲ್ಲ” ಎಂದು ನಮ್ಮ ತಾಯಿ ಅನ್ನುತ್ತಿದ್ದರು. ಆ ಮಾತಿಗೆ ಮುಂದೆ ಬರುತ್ತೇನೆ.

ಮಲೆನಾಡಿನ ಮಳೆ ಈ ವಿದ್ಯೆಗೆ ಇನ್ನಷ್ಟು ಅಧ್ಯಾಯಗಳನ್ನು ಸೇರಿಸಿತು. ಕೊಟ್ಟಿಗೆಹಾರದ ಕಡೆಯ ಮಳೆಯನ್ನು ಕಂಡವರಿಗೆ ಗೊತ್ತು, ಅದು ಮೇಲಿನಿಂದ ಮಾತ್ರ ಬರುವುದಿಲ್ಲ. ನೀರು ಹೋಗದಂತೆ ಪ್ಲಗ್ಗಿನ ಟೋಪಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಬೇಕು. ಮಂಜಿಗೆ ಹೆಡ್ಲೈಟಿನ ಗಾಜಿಗೆ ಹಳದಿ ಕಾಗದ ಅಂಟಿಸಬೇಕು. ಭದ್ರೆ ಉಕ್ಕಿದಾಗ ಮುಳುಗುವುದಕ್ಕೇ ಹೆಸರಾಗಿದ್ದ ಕಳಸದ ಹೆಬ್ಬಾಳೆ ಸೇತುವೆಯ ಬಳಿ, ನೀರು ಇಳಿಯುವವರೆಗೆ ಸ್ಕೂಟರಿನ ಬ್ರೇಕನ್ನೂ ದೇವರನ್ನೂ ನೆನೆಯುತ್ತ ಕಾಯಬೇಕು. ಘಟ್ಟ ಇಳಿಯುವುದಕ್ಕೂ ಒಂದು ಶಾಸ್ತ್ರವಿತ್ತು. ಟೂ ಸ್ಟ್ರೋಕಿನಲ್ಲಿ ಎಣ್ಣೆ ಪೆಟ್ರೋಲಿನ ಜೊತೆಗೇ ಬರುವುದರಿಂದ, ಅಕ್ಸಲರೇಟರು ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ನಿಗೆ ಎಣ್ಣೆ ತಪ್ಪುತ್ತದೆ. ಚಾರ್ಮಾಡಿ ಇಳಿಯುವ ಅನುಭವಸ್ಥರು ಅದಕ್ಕಾಗಿ ನಡುನಡುವೆ ಕೈ ತಿರುವಿ ಒಂದು ಗುಟುಕು ಕುಡಿಸುತ್ತಿದ್ದರು. ಇದನ್ನು ಅವರಿಗೆ ಕಲಿಸಿದ್ದು ಪುಸ್ತಕವಲ್ಲ. ಒಮ್ಮೆ ಹಿಡಿದುಕೊಂಡ ಪಿಸ್ಟನ್ನು.

ದುರಸ್ತಿಯಿಂದ ಮಾರ್ಪಾಟಿಗೆ ಒಂದೇ ಹೆಜ್ಜೆ. ಇಟಲಿಯ ಶಿಲ್ಪಿ ಕಾಲಿಡಲೆಂದು ಮಾಡಿದ ಜಾಗಕ್ಕೆ ಹಲಗೆ ಕೂರಿಸಿ ಅದರ ಮೇಲೆ ಗೊಬ್ಬರದ ಚೀಲವನ್ನೋ ಕಾಫಿಯ ಚೀಲವನ್ನೋ ಏರಿಸಿದರು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕಾಪು ಕಟ್ಟಿಸಿದರು. ಅದು ಬಿದ್ದಾಗ ತಗಡನ್ನು ಕಾಯುವುದಲ್ಲದೆ ಬಾಳೆಗೊನೆ ತೂಗುಹಾಕಲೂ ಆಗುತ್ತಿತ್ತು. ಕೆಸರು ಕಚ್ಚಿ ಚಕ್ರ ತಿರುಗದಾದಾಗ ಮಡ್ಗಾರ್ಡನ್ನು ಕತ್ತರಿಸಿ ಎತ್ತರಿಸಿದವರುಂಟು. ಏರು ಹತ್ತಲೆಂದು ಜೆಟ್ಟು ಬದಲಾಯಿಸಿದವರುಂಟು. ಅದರ ಲೆಕ್ಕ ಪೆಟ್ರೋಲಿನ ಖರ್ಚಿನಲ್ಲಿ ಬರುತ್ತಿತ್ತು. ಹೀಗೆ ಕಾರ್ಖಾನೆಯಿಂದ ಒಂದೇ ಅಚ್ಚಿನಲ್ಲಿ ಹೊರಟ ಗಾಡಿಗಳು ಹತ್ತು ವರ್ಷದೊಳಗೆ ಒಂದೊಂದು ತೋಟದ ಅಗತ್ಯಕ್ಕೆ ತಕ್ಕ ಒಂದೊಂದು ರೂಪವನ್ನು ತಾಳಿದವು.

ಕನ್ನಡದ ಮೇಷ್ಟರಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದಿರುವುದು ಈ ಅಂಗಳಗಳಲ್ಲಿ ಹುಟ್ಟಿದ ಭಾಷೆ. ಪ್ಲಗ್ಗು, ಪಾಯಿಂಟು, ಕ್ಲಚ್ಚು, ಜೆಟ್ಟು ಎಂದು ನಾಮಪದಗಳೆಲ್ಲ ಇಂಗ್ಲಿಷಿನವು. ಕನ್ನಡದ ಉಕಾರವೊಂದನ್ನು ತೊಟ್ಟು ಒಳಗೆ ಬಂದವು. ಆದರೆ ಕ್ರಿಯಾಪದಗಳನ್ನು ಗಮನಿಸಿರಿ. ಗಾಡಿ ಎಳೆಯುವುದಿಲ್ಲ, ಪೆಟ್ರೋಲು ಕುಡಿಯುತ್ತದೆ, ಕ್ಲಚ್ಚು ಕಚ್ಚುವುದಿಲ್ಲ, ಎಂಜಿನ್ನು ಹಿಡಿದುಕೊಂಡಿದೆ, ಏರಿನಲ್ಲಿ ಮುಕ್ಕರಿಯುತ್ತದೆ. ಇವೆಲ್ಲ ಎತ್ತಿಗೂ ಮನುಷ್ಯನಿಗೂ ಹೇಳುತ್ತಿದ್ದ ಮಾತುಗಳು. ‘ಗಾಡಿ’ ಎಂಬ ಶಬ್ದವೇ ಎತ್ತಿನ ಕೊರಳಿನಿಂದ ಇಳಿದು ಸ್ಕೂಟರನ್ನು ಏರಿತು. ಪಾರಿಭಾಷಿಕ ಶಬ್ದಗಳನ್ನು ಸಂಸ್ಕೃತದಿಂದ ಕಟ್ಟುವ ವಿಚಾರವನ್ನು ವಿದ್ವಾಂಸರು ಚರ್ಚಿಸುತ್ತಿದ್ದ ಕಾಲದಲ್ಲಿ, ಯಾರನ್ನೂ ಕೇಳದೆ ಜನ ಒಂದು ಯಂತ್ರವನ್ನು ಪೂರ್ತಿಯಾಗಿ ಕನ್ನಡದಲ್ಲಿ ವಿವರಿಸಿಕೊಂಡಿದ್ದರು.

ನಮ್ಮ ಸಾಹಿತ್ಯದಲ್ಲಿ ಈ ಲೋಕವನ್ನು ಒಳಗಿನಿಂದ ಬಲ್ಲವರು ಪೂರ್ಣಚಂದ್ರ ತೇಜಸ್ವಿ. 1938ರಲ್ಲಿ ಹುಟ್ಟಿ, ಮೈಸೂರಿನ ಓದು ಮುಗಿಸಿ, 1960ರ ದಶಕದಲ್ಲಿ ಮೂಡಿಗೆರೆಯ ಕಡೆ ಕಾಫಿ ಕೃಷಿಗೆ ಬಂದು ನೆಲಸಿದ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಈ ಮಣ್ಣನ್ನು ಬಿಡಲಿಲ್ಲ. ಸ್ಕೂಟರಿನಲ್ಲಿ ಓಡಾಡುತ್ತಿದ್ದ, ಯಂತ್ರಗಳನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದ ತೇಜಸ್ವಿಯವರ ಚಿತ್ರ ಓದುಗರ ಮನಸ್ಸಿನಲ್ಲಿ ಅವರ ಬರಹದಷ್ಟೇ ಗಟ್ಟಿಯಾಗಿ ನಿಂತಿದೆ. ‘ಕರ್ವಾಲೊ’, ‘ಪರಿಸರದ ಕತೆ’ಗಳ ಗದ್ಯದಲ್ಲಿರುವ ಕುತೂಹಲಕ್ಕೂ ಕೈಗೆ ಎಣ್ಣೆ ಮೆತ್ತಿಕೊಳ್ಳಲು ಅಂಜದ ಈ ಸ್ವಭಾವಕ್ಕೂ ಸಂಬಂಧವಿದೆಯೆಂದು ನನ್ನ ನಂಬಿಕೆ. ವಸ್ತುವನ್ನು ದೂರದಿಂದ ವರ್ಣಿಸುವವನ ಗದ್ಯ ಒಂದು ಬಗೆ. ಬಿಚ್ಚಿ ನೋಡಿದವನದು ಇನ್ನೊಂದು ಬಗೆ.

ಇಷ್ಟು ಹೇಳಿದ ಮೇಲೆ, ಹಿಂದಿನದೆಲ್ಲ ಹೊನ್ನು ಎಂದು ಹಾಡುವುದು ಸುಲಭ. ಅದು ನ್ಯಾಯವಲ್ಲ. ತಾಯಿಯ ಮಾತನ್ನು ಇಲ್ಲಿ ನೆನೆಯಬೇಕು. ಆ ಅಂಗಳದಲ್ಲಿ ಪಾನಾ ಹಿಡಿದವರೆಲ್ಲ ಗಂಡಸರು. ಮಸಿ ಸುಟ್ಟ ಬಚ್ಚಲನ್ನು ತೊಳೆದವರು ಹೆಂಗಸರು. ಅವರು ಸ್ಕೂಟರಿನಲ್ಲಿ ಕೂತದ್ದು ಹಿಂದೆ, ಒಂದೇ ಕಡೆಗೆ ಕಾಲು ಇಳಿಬಿಟ್ಟು. ಒದ್ದು ಒದ್ದು ಚಾಲೂ ಮಾಡಬೇಕಾದ, ಬಲಕ್ಕೆ ಭಾರವಾದ ಆ ಗಾಡಿ ಅವರನ್ನು ದೂರವೇ ಇಟ್ಟಿತು. ತೋಟದ ಆಳುಗಳಿಗಂತೂ ಸ್ಕೂಟರೆಂದರೆ ದಾರಿ ಬಿಟ್ಟು ನಿಲ್ಲಬೇಕಾದ ಸದ್ದು, ಅಷ್ಟೆ. ಉರಿಯದೆ ಉಳಿದ ಎಣ್ಣೆಯ ನೀಲಿ ಹೊಗೆ ಎಲ್ಲರ ಎದೆಗೂ ಹೋಯಿತು.

ಬದಲಾವಣೆ ಮೂರು ಕಡೆಯಿಂದ ಬಂದಿತು. 1984ರಲ್ಲಿ ಗೇರಿಲ್ಲದ, ಗುಂಡಿಯೊತ್ತಿದರೆ ಹೊರಡುವ ಕೈನೆಟಿಕ್ ಹೋಂಡಾ ಬಂದಿತು. 1990ರ ದಶಕದಲ್ಲಿ ಕಾಫಿ ಬೋರ್ಡಿನ ಪೂಲ್ ಪದ್ಧತಿ ಕೊನೆಗೊಂಡು ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. 1994ರಲ್ಲಿ ಬ್ರೆಜಿಲ್ಲಿನ ಹಿಮಕ್ಕೆ ಅಲ್ಲಿಯ ಗಿಡಗಳು ಸುಟ್ಟು ಇಲ್ಲಿ ಬೆಲೆ ಏರಿತು. ಸ್ಕೂಟರಿದ್ದ ಅಂಗಳಕ್ಕೆ ಜೀಪು, ಕಾರು ಬಂದವು. ಹೊಸ ಶತಮಾನದ ಹೊಗೆ ನಿಯಮಗಳು ಹಳೆಯ ಟೂ ಸ್ಟ್ರೋಕನ್ನು ಹಿಂದಕ್ಕೆ ತಳ್ಳಿದವು. ಹೋಂಡಾ ಆಕ್ಟಿವಾ ಮನೆಮಾತಾಯಿತು. 2009ರ ಕೊನೆಯಲ್ಲಿ ಬಜಾಜ್ ಸ್ಕೂಟರಿನ ತಯಾರಿಕೆಯನ್ನೇ ಕೈಬಿಡುವುದಾಗಿ ಪ್ರಕಟಿಸಿತು. 2020ರಲ್ಲಿ ಚೇತಕ್ ಎಂಬ ಹೆಸರು ಮರಳಿ ಬಂದಾಗ ಅದು ವಿದ್ಯುತ್ತಿನ ಗಾಡಿ. ಅದರಲ್ಲಿ ಕೆರೆಯಲು ಮಸಿಯಿಲ್ಲ, ಊದಲು ಜೆಟ್ಟಿಲ್ಲ.

ನನ್ನ ಅಕ್ಕ ಶಾಲೆಯಲ್ಲಿ ಪಾಠ ಹೇಳಲು ಹೋಗಿಬರುತ್ತಿದ್ದುದು ಗೇರಿಲ್ಲದ ಸ್ಕೂಟರಿನಲ್ಲಿ. ಒಂದು ಕಂಪನಿಯ ಹೆಸರಾದ ‘ಸ್ಕೂಟಿ’ ಈಗ ಅಂಥ ಎಲ್ಲ ಗಾಡಿಗಳಿಗೂ ಕನ್ನಡದಲ್ಲಿ ಸಾಮಾನ್ಯ ನಾಮ. ಆ ಶಬ್ದದೊಡನೆ ಮಲೆನಾಡಿನ ಹೆಣ್ಣುಮಕ್ಕಳು ತಾವೇ ಕೈಹಿಡಿ ಹಿಡಿದು ರಸ್ತೆಗೆ ಬಂದರು. ಬಿಚ್ಚುವ ಸ್ವಾತಂತ್ರ್ಯ ಕೆಲವರ ಕೈಯಿಂದ ಜಾರಿದಾಗ ಓಡಿಸುವ ಸ್ವಾತಂತ್ರ್ಯ ಹಲವರ ಕೈಗೆ ಬಂದಿತು. ಈ ವ್ಯಾಪಾರದಲ್ಲಿ ನಷ್ಟಕ್ಕಿಂತ ಲಾಭವೇ ಹೆಚ್ಚೆಂದು ಒಪ್ಪಬೇಕು.

ಆದರೂ ನಷ್ಟ ನಷ್ಟವೇ. ಕೊರತೆಯಿಂದ ಹುಟ್ಟಿದ ವಿದ್ಯೆ ಕೊರತೆಯೊಡನೆ ಹೋಗುವುದು ಸಹಜ; ಅದು ಹೋದದ್ದಕ್ಕೆ ಕೊರತೆಯನ್ನು ಮರಳಿ ಬಯಸುವುದು ಮೂಢತನ. ಆದರೆ ಬಾಯಿಂದ ಬಾಯಿಗೆ ಬಂದ ಆ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ. ಹಳ್ಳಿಯ ಬೇಸಾಯದ ಮಾತುಗಳನ್ನೂ ಕಮ್ಮಾರ ಕುಂಬಾರರ ಮಾತುಗಳನ್ನೂ ನಮ್ಮ ವಿದ್ವಾಂಸರು ಶ್ರದ್ಧೆಯಿಂದ ಕೂಡಿಹಾಕಿದ್ದಾರೆ. ಸ್ಕೂಟರು ಬಿಚ್ಚಿದವರ ಮಾತು ಅಷ್ಟು ಹಳೆಯದಲ್ಲವೆಂದು ಕಡೆಗಣಿಸಬೇಕಾಗಿಲ್ಲ. ಮೂಡಿಗೆರೆ, ಬಣಕಲ್, ಕಳಸಗಳ ಹಳೆಯ ಮೆಕ್ಯಾನಿಕ್ಕುಗಳೂ ತೋಟದ ಹಿರಿಯರೂ ಇನ್ನೂ ಕೆಲವರು ನಮ್ಮೊಡನಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಮನೆಗೆ ಹೋದಾಗ ಅಜ್ಜನ ಬಳಿ ಕೂತು ಇಂಥ ಇಪ್ಪತ್ತು ಮಾತುಗಳನ್ನು ಬರೆದು ತನ್ನಿರೆಂದು ಹೇಳುತ್ತಿದ್ದೇನೆ. ಅಜ್ಜಿಯನ್ನೂ ಕೇಳಿರೆಂದು ಸೇರಿಸುತ್ತೇನೆ. ಅಂಗಳದಲ್ಲಿ ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದವರ ನೆನಪು ಅನೇಕ ವೇಳೆ ಹೆಚ್ಚು ನಿಖರವಾಗಿರುತ್ತದೆ.